ನೋಂದಣಿ ಶುಲ್ಕ

ಲಗ್ಗೆರೆ ಬ್ರಿಡ್ಜಿನ ಕೆಳಗೆ ಕಂಬಕ್ಕೊಂದು ಹಳದಿ ಚೀಟಿ:
ಮನೆಯಲ್ಲೇ ಕೂತು ದಿನಕ್ಕೆ ಎರಡು ಸಾವಿರ.
ಗೃಹಿಣಿಯರಿಗೆ ಆದ್ಯತೆ. ಅನುಭವ ಬೇಡ.
ಅನುಭವ ಬೇಡ ಅಂದದ್ದೇ ನನಗೆ ಹಿಡಿಸಿತು.
ಪೀಣ್ಯದ ಗಾರ್ಮೆಂಟ್ಸಲ್ಲಿ ಹನ್ನೊಂದು ವರ್ಷ ಕಾಲರ್ ಹೊಲಿದ ಅನುಭವ
ಸೊಂಟದಲ್ಲಿ ಉಳಿದಿತ್ತು, ಕಾಗದದಲ್ಲಿ ಇರಲಿಲ್ಲ.

ಫೋನೆತ್ತಿದವನ ಮಾತು ಬೆಣ್ಣೆ.
ಪೆನ್ನು ಪ್ಯಾಕಿಂಗ್ ಮೇಡಂ, ಹತ್ತರ ಡಬ್ಬಿ, ಡಬ್ಬಿಗೆ ಮೂರು ರೂಪಾಯಿ.
ಮೇಡಂ ಅಂತ ನನ್ನನ್ನು ಅಲ್ಲಿಯವರೆಗೆ ಯಾರು ಕರೆದಿದ್ದರು?
ನೋಂದಣಿಗೆ ಆರುನೂರೈವತ್ತು. ಕಳಿಸಿದೆ.
ಐಡಿ ಕಾರ್ಡಿಗೆ ಸಾವಿರದ ಇನ್ನೂರು. ಕಳಿಸಿದೆ.
ಪೆನ್ನು ಹೊತ್ತ ಗಾಡಿ ನೆಲಮಂಗಲ ಟೋಲಿನಲ್ಲಿ ನಿಂತಿದೆ,
ಬಿಡಿಸಲು ಮೂರು ಸಾವಿರ. ಅದು ಮಗಳ ಟ್ಯೂಷನ್ ದುಡ್ಡು.
ಆ ಗಾಡಿ ಇನ್ನೂ ಅಲ್ಲೇ ನಿಂತಿರಬೇಕು.
ಆ ಕಡೆ ಬಸ್ಸಲ್ಲಿ ಹೋದಾಗ ಕಿಟಕಿಯಿಂದ ನೋಡುತ್ತೇನೆ,
ನನಗೇ ನಗು ಬರುತ್ತದೆ, ಆದರೂ ನೋಡುತ್ತೇನೆ.

ಗಂಡನಿಗೆ ಹೇಳಲಿಲ್ಲ. ಅತ್ತೆಗೆ ಹೇಳಿದೆ.
ಪುಟ್ಟಚೆನ್ನಮ್ಮ, ಶ್ರೀರಾಮಪುರದ ವಠಾರದಲ್ಲಿ
ಮೂವತ್ತು ವರ್ಷ ಊದುಬತ್ತಿ ಹೊಸೆದವರು.
ಸಾವಿರ ಕಡ್ಡಿಗೆ ಇಷ್ಟು ಅಂತ ಲೆಕ್ಕ. ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ,
ಮನೆಗೆಲಸದ ನಡುವೆ ಅದೂ ಒಂದು ಮನೆಗೆಲಸ.
ಅಂಗೈ ಗೆರೆಗಳಲ್ಲಿ ಇದ್ದಿಲು ಕೂತು
ಕೈ ನೋಡಿ ಭವಿಷ್ಯ ಹೇಳುವವನೊಬ್ಬ
"ಓದೋಕಾಗಲ್ಲ ತಾಯಿ" ಅಂತ ಎದ್ದು ಹೋದನಂತೆ.
ಬೈಯಲಿಲ್ಲ. ಎಲೆ ಅಡಿಕೆ ಮಡಚುತ್ತಾ ಅಂದರು:
"ಕೆಲ್ಸ ಕೊಡೋನು ದುಡ್ಡು ಕೇಳಲ್ಲ ಕಣೇ.
ದುಡ್ಡು ಕೊಡೋಕೆ ಸತಾಯಿಸ್ತಾನೆ. ಹಂಗೆ ಗುರುತು ಹಿಡೀಬೇಕು."

ಸತಾಯಿಸುವವರು ಸಿಕ್ಕರು, ಮಲ್ಲೇಶ್ವರದ ಒಂದು ಸೀರೆ ಅಂಗಡಿ.
ಸೆರಗಿಗೆ ಕುಚ್ಚು ಕಟ್ಟಬೇಕು. ಗಿರಾಕಿಗೆ ಎಂಟುನೂರು, ನನಗೆ ಇನ್ನೂರು,
ಅದೂ ಬರುವ ಸೋಮವಾರ. ಇಲ್ಲಾ ಅದರ ಮುಂದಿನ ಸೋಮವಾರ.
ಅಬ್ಬ, ಇದು ನಿಜವಾದ ಕೆಲಸ, ಅಂದುಕೊಂಡೆ.

ಈಗ ಯಾರದೋ ಮಗಳ ಧಾರೆ ಸೀರೆ
ನಮ್ಮ ಮಂಚದ ಕಾಲಿಗೆ ಕಟ್ಟಿಸಿಕೊಂಡು ರಾತ್ರಿ ಕಳೆಯುತ್ತದೆ.
ಒಗ್ಗರಣೆ ಹಾಕುವಾಗ ಅಡಿಗೆಮನೆ ಬಾಗಿಲು ಮುಚ್ಚಬೇಕು,
ರೇಷ್ಮೆಗೆ ಇಂಗಿನ ವಾಸನೆ ಬೇಗ ಹತ್ತುತ್ತದೆ.
ನೀರು ಬಿಡುವ ದಿನ ಬೆಳಗಿನ ಜಾವ ಮೂರಕ್ಕೆದ್ದರೆ
ಡ್ರಮ್ಮು ತುಂಬುವಷ್ಟರಲ್ಲಿ ಹದಿನಾಲ್ಕು ಕುಚ್ಚು.
ಕುಕ್ಕರಿನ ಮೂರು ಸೀಟಿಗೆ ಐದು.
ಕರೆಂಟು ಹೋಗಿ ಬರುವಷ್ಟರಲ್ಲಿ ಎಷ್ಟೋ ಗೊತ್ತಿಲ್ಲ,
ಕತ್ತಲಲ್ಲಿ ಬೆರಳು ಲೆಕ್ಕ ಇಡುವುದಿಲ್ಲ.
"ಮನೇಲೇ ಇರ್ತೀಯಲ್ಲ" ಅಂತ ಬೀದಿಯವರೆಲ್ಲ
ಏನಾದರೊಂದು ಬಿಟ್ಟು ಹೋಗುತ್ತಾರೆ:
ಬೀಗದ ಕೈ, ಕೊರಿಯರ್, ಗ್ಯಾಸಿನ ಪುಸ್ತಕ,
ಒಂದು ದಿನ ಒಂದು ಕೂಸು.

ಕೂಸಿನ ತಾಯಿ ಹುಲಿಗೆಮ್ಮ, ಮಹಡಿ ಮೇಲಿನ ಶೀಟಿನ ಮನೆ,
ಗಂಗಾವತಿ ಕಡೆಯವಳು.
ಕೂಸನ್ನು ಕರೆದೊಯ್ಯಲು ಬಂದವಳು ಹೊಸ್ತಿಲಲ್ಲೇ ನಿಂತಳು,
ನನ್ನ ಬೆರಳನ್ನೇ ನೋಡಿ ನೋಡಿ
ಸೆರಗಿನ ತುದಿಯ ಗಂಟು ಬಿಚ್ಚುತ್ತಾ ಕೇಳಿದಳು:
"ಇದನ್ನ ಕಲೀಲಿಕ್ಕೆ ಎಷ್ಟು ರೊಕ್ಕ ಕಟ್ಟಬೇಕ್ರೀ ಅಕ್ಕಾ?"

ಸೂಜಿ ಚುಚ್ಚಿತು.
ರೇಷ್ಮೆಗೆ ರಕ್ತ ತಾಗದಂತೆ ಬೆರಳು ಬಾಯಿಗಿಟ್ಟುಕೊಂಡೆ.
ಬಾಯಲ್ಲಿ ಬೆರಳಿದ್ದದ್ದು ಒಳ್ಳೆಯದೇ ಆಯಿತು,
ಯಾಕೆಂದರೆ, ನಿಜ ಹೇಳುತ್ತೇನೆ, ಒಂದೇ ಒಂದು ಗಳಿಗೆ
ನಾಲಿಗೆ ತುದಿಗೆ ಬಂದಿತ್ತು:
ಆರುನೂರೈವತ್ತು.

"ಕೈ ತೊಳ್ಕೊಂಡು ಬಾ," ಅಂದೆ. "ಸೂಜಿ ನಂದೇ ಇದೆ."
ಬಿಚ್ಚಿದ ಗಂಟನ್ನು ಅವಳು ಮತ್ತೆ ಕಟ್ಟಿಕೊಂಡಳು,
ಒಂದೇ ಕೈಯಲ್ಲಿ, ಇನ್ನೊಂದರಲ್ಲಿ ಕೂಸು.
ಒಳ್ಳೇ ಗಂಟು. ಬಿಗಿ, ಸಣ್ಣದು, ಬಾಲ ಕಾಣದಂತೆ.
"ಇದೇ," ಅಂದೆ, "ಇದನ್ನೇ ಇಲ್ಲೂ ಹಾಕು."