ಇರಬೇಕು

ಮಂಡ್ಯದ ಬೆಲ್ಲದ ಮಂಡಿ, ಅದರ ಮೇಲಿನ ಮಹಡಿ.
ಸಂಜೆ ಏಳರ ಇಂಗ್ಲಿಷ್ ಕ್ಲಾಸಿಗೆ
ನೊಣಗಳೂ ಬರುತ್ತವೆ, ಫೀಸಿಲ್ಲದೆ.
ಬೋರ್ಡಿನ ಮೇಲೆ ಬರೆದೆ:
ಮಸ್ಟ್ ಹ್ಯಾವ್, ಮೈಟ್ ಹ್ಯಾವ್, ಕಾಂಟ್ ಹ್ಯಾವ್.
ಕಣ್ಣಾರೆ ಕಾಣದ ನಿನ್ನೆಯನ್ನು ತೂಗಲು
ಇಂಗ್ಲಿಷಿನವರು ಇಟ್ಟುಕೊಂಡ ಮೂರು ಬಟ್ಟು.

ಪುರಾವೆ ಗಟ್ಟಿಯಿದ್ದರೆ ಮಸ್ಟ್, ಅಂದೆ.
ಅಂಗಳ ಒದ್ದೆ; ಮಳೆ ಬಂದಿರಬೇಕು.
ಹಾಲಿನ ಡೈರಿಯ ಚಿಕ್ಕತಾಯಮ್ಮ ಒಪ್ಪಲಿಲ್ಲ:
'ಸಗಣಿನೀರು ಹಾಕಿರ್ಬೋದಲ್ವಾ ಮೇಡಂ?'
ಹಾಕಿರಬಹುದು. ಅದು ಮೈಟ್.
'ನಮ್ಮ ಸೊಸೆಯಂತೂ ಹಾಕಿರಾಕಿಲ್ಲ ಬುಡಿ.'
ಅದು ಕಾಂಟ್.
ಪಾಠ ಅಲ್ಲಿಗೇ ಮುಗಿಯಬೇಕಿತ್ತು.

ಹಿಂದಿನ ಬೆಂಚಿಂದ ಬೋರಲಿಂಗಯ್ಯ ಎದ್ದರು.
ಬಸ್ ಡಿಪೋದಲ್ಲಿ ಮರೆತ ಸಾಮಾನಿನ ಕೋಣೆಯ ಗುಮಾಸ್ತರು,
ಇಲಾಖೆ ಪರೀಕ್ಷೆಗೆ ಮೂರನೇ ಸಲ ಕೂರುವವರು.
ಅವರ ದಿನವೆಲ್ಲ ಇದೇ ವ್ಯಾಕರಣ:
ಒಂಟಿ ಕಾಲಿನ ಬೂಟು, ಬಾಡಿದ ವೀಳ್ಯದೆಲೆ ಕಟ್ಟು,
ಎಕ್ಸ್‌ರೇ ಲಕೋಟೆಯೊಳಗೆ ಯಾರದೋ ಮೊಣಕಾಲು.
ಯಾರು, ಯಾಕೆ, ಯಾವ ಸ್ಟಾಪಿನಲ್ಲಿ;
ರಿಜಿಸ್ಟರಿನ ಷರಾ ಕಾಲಮ್ಮಿನ ತುಂಬ
ಇರಬೇಕು, ಇರಬಹುದು.

'ಒಂದು ಟಿಫನ್ ಕ್ಯಾರಿಯರ್ ಮೇಡಂ,' ಅಂದರು.
'ಮಳವಳ್ಳಿ ಬಸ್ಸಿನ ಕೊನೇ ಸೀಟು.
ಎರಡು ಮುದ್ದೆ, ಬಸ್ಸಾರು, ಒಂದು ಹೋಳು ಉಪ್ಪಿನಕಾಯಿ.
ಇನ್ನೂ ಬಿಸಿ ಇತ್ತು.'
ಆಮೇಲೆ ಇಂಗ್ಲಿಷಿಗೆ ತಿರುಗಿದರು, ಸೀಮೆಸುಣ್ಣ ನುಂಗಿದವರಂತೆ:
'ಸಮ್‌ಬಡಿ... ಮಸ್ಟ್ ಹ್ಯಾವ್... ಈಟನ್ ಇಟ್.'
ಕ್ಲಾಸು ಗೊಳ್ಳೆಂದಿತು.
ಅವರ ಮೀಸೆಯೂ ಸ್ವಲ್ಪ ನಕ್ಕಿತು.
ಅವತ್ತು ಬುತ್ತಿ ತಂದಿರಲಿಲ್ಲವೇನೋ.
ಅನ್ನ ಕೆಡಬಾರದು ಅಂದುಕೊಂಡಿರಬೇಕು.
ನಾನೂ ನಕ್ಕೆ, ಬೋರ್ಡಿಗೆ ಮುಖ ಮಾಡಿ.

ಅವರು ಕೂರಲಿಲ್ಲ.

ನಾಲ್ಕನೇ ದಿನ ಒಬ್ಬ ಹುಡುಗಿ ಬಂದಳಂತೆ,
ಕಾಲೇಜಿನ ಕಾರ್ಡು ಕೊರಳಲ್ಲೇ ಇತ್ತಂತೆ.
ಒಂದೊಂದೇ ಡಬ್ಬಿ ಬಿಚ್ಚಿ ನೋಡಿದಳಂತೆ,
ತಳದಲ್ಲಿ ಒಣಗಿದ ಸಾರಿನ ಗೆರೆಯನ್ನು ಬೆರಳಲ್ಲಿ ಮುಟ್ಟಿ.
'ವಾರದಿಂದ ಏನೂ ಬಾಯಿಗಿಟ್ಟಿರ್ಲಿಲ್ಲ.
ದೊಡ್ಡಾಸ್ಪತ್ರೆಗೆ ಹೊರಟಾಗ
ನಾನೇ ಜುಲುಮೆ ಮಾಡಿ ಕಟ್ಕೊಟ್ಟೆ.
ತಿಂದಿರ್ಬೇಕು ಕಣಣ್ಣ ನಮ್ಮವ್ವ.
ಸದ್ಯ, ಹಸ್ಕೊಂಡು ಹೋಗ್ಲಿಲ್ಲ.'
ಸಹಿ ಹಾಕುವ ಜಾಗವನ್ನು
ಬೋರಲಿಂಗಯ್ಯನೇ ತೋರಿಸಿದರಂತೆ.

ಕೆಳಗೆ ಮಂಡಿಯಲ್ಲಿ ಬೆಲ್ಲದಚ್ಚು ಎಣಿಸುತ್ತಿದ್ದರು:
ಲಾಭ, ಎರಡು, ಮೂರು...

'ಹೇಳ್ಬೇಕಿತ್ತಾ ಮೇಡಂ?'
ಬೋರ್ಡಿನಲ್ಲಿ ಅದಕ್ಕೆ ಜಾಗವಿರಲಿಲ್ಲ.
ಶುಡ್ ಹ್ಯಾವ್ ಮುಂದಿನ ವಾರದ್ದು;
ಅದು ಊಹೆಯ ಪೈಕಿಯಲ್ಲ.
ನಮ್ಮಲ್ಲಾದರೆ ಎರಡೂ ಒಂದೇ ಬೇಕಿನ ಮಕ್ಕಳು.
ಹೇಳಿರಬೇಕು. ಹೇಳಬೇಕಿತ್ತು.
ಎರಡನೆಯದರ ತುದಿಗೆ ಒಂದು ಇತ್ತು
ಒಳಗಿಂದ ಅಗುಳಿ ಹಾಕಿಕೊಂಡು ಕೂತಿದೆ.

ಚಿಕ್ಕತಾಯಮ್ಮ ಸೆರಗಲ್ಲಿ ಮೂಗೊರೆಸಿಕೊಂಡರು.
ಬೋರಲಿಂಗಯ್ಯ ಇನ್ನೊಂದು ಕೇಳಿದರು:
'ಆ ಮಗು ಅಂದದ್ದು... ವ್ಯಾಕರಣಕ್ಕೆ ಸರಿಯಾ?'

ಡಬ್ಬಿ ಖಾಲಿಯಿತ್ತು. ಪುರಾವೆ ಗಟ್ಟಿಯಿತ್ತು.
ಸರಿ, ಅಂದೆ. ನೂರಕ್ಕೆ ನೂರು.
ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.