ಮನೆ ನೋಡುವ ಶಾಸ್ತ್ರ

ಶನಿವಾರ ಹತ್ತೂವರೆಗೆ ಬರುತ್ತಾರಂತೆ.
ಸಂದೇಶದ ಕೊನೆಗೊಂದು ನಗುವ ಮುಖ.
ಅದು ನಾನು ರಾತ್ರಿಪಾಳಿ ಮುಗಿಸಿ
ಸೇಂಟ್ ಆಲ್ಬನ್ಸ್ ಸ್ಟೇಷನ್ನಿನಿಂದ ನಡೆದು ಬಂದು
ಕಿಟಕಿಗೆ ಅಂಟಿಸಿದ ಕಪ್ಪು ಕಾಗದದ ಕೆಳಗೆ
ನನ್ನದೇ ಒಂದು ಇರುಳು ಕಟ್ಟಿಕೊಂಡು ಮಲಗುವ ಹೊತ್ತು.

ಜಾಹೀರಾತಿನಲ್ಲಿ ಆ ಕೋಣೆ
"ಬೆಳಗಿನ ಬಿಸಿಲು ತುಂಬುವ ಓದುಕೋಣೆ."
ಐದು ವರ್ಷದಲ್ಲಿ ಅಲ್ಲಿ ಬಿಸಿಲು ಬಿದ್ದದ್ದು ನಾ ಕಾಣೆ,
ಓದಿದ್ದು ಕರೆಂಟು ಬಿಲ್ಲು ಮಾತ್ರ.

ಮಾರುವವನು ಸ್ಪಿತೆರಿ. ಕೆಟ್ಟವನಲ್ಲ.
ನಲ್ಲಿ ಸೋರಿದರೆ ತಾನೇ ಪಾನಾ ಹಿಡಿದು ಬಂದು
ವಾಷರ್ ಬದಲಿಸಿ, ಮೊಣಕಾಲು ಹಿಡಿದು ಏಳುತ್ತಿದ್ದ.
ಆ ಮೊಣಕಾಲಿನ ಆಪರೇಷನ್ನಿಗೇ ಈಗ ಮಾರುತ್ತಿದ್ದಾನೆ.
ಮಾರಲಿ. ಅವನ ಗೋಡೆ, ಅವನ ಹೆಂಚು.
ಕರಾರು ಮಾತ್ರ ಆಗಸ್ಟ್ ಮೂವತ್ತೊಂದರ ತನಕ ನನ್ನದು;
ಮನೆ ಯಾರ ಕೈಗೆ ಹೋದರೂ ಜೊತೆಗೇ ಹೋಗುತ್ತದೆ,
ಎಮ್ಮೆ ಕೊಂಡವನಿಗೆ ಕೊರಳ ಗಂಟೆಯೂ ಬಂದ ಹಾಗೆ.

ಬಂದರು. ಶೂ ಹಾಕಿಕೊಂಡೇ ಬಂದರು.
ಒಬ್ಬ ಗೋಡೆಗೆ ಗೆಣ್ಣಿನಿಂದ ತಟ್ಟಿ ಕಿವಿ ಕೊಟ್ಟ,
ಕಲ್ಲಂಗಡಿ ಆರಿಸುವವನಂತೆ.
ಒಬ್ಬಳು ನನ್ನ ಬೀರು ತೆರೆದು
ಸೀರೆಗಳ ಸಂದಿಯಲ್ಲಿ ಮೊಳಕೈವರೆಗೆ ತೋಳಿಟ್ಟು
"ಆಳ ಇದೆ" ಅಂದಳು.
ನಾನು ಸ್ಟೌವಿನ ಪಕ್ಕ ತಲೆ ತಗ್ಗಿಸಿ ನಿಂತಿದ್ದೆ.
ಈ ನಿಲುವು ನನಗೆ ಗೊತ್ತಲ್ಲ, ಅನ್ನಿಸಿತು.

ಸುರಪುರದ ಪಡಸಾಲೆಯಲ್ಲಿ
ಏಳು ಸಲ ನಿಂತಿದ್ದೆ ಹೀಗೆ, ತಟ್ಟೆ ಹಿಡಿದು.
ಉಪ್ಪಿಟ್ಟು, ಶಿರಾ, ಬಂದವರ ಕೆಮ್ಮು.
ನಡೆದು ತೋರಿಸು. ಹೆಸರು ಬರೆದು ತೋರಿಸು.
ಎತ್ತರ ಸ್ವಲ್ಪ ಸಾಲದು, ಹೋಗಿ ತಿಳಿಸ್ತೀವಿ.
ತಿಳಿಸಲಿಲ್ಲ.

ಇಲ್ಲೊಂದು ಕಾನೂನಿದೆ,
ರೈಲಿನಲ್ಲಿ ಕೂತು ಎರಡೆರಡು ಸಲ ಓದಿದೆ:
ನಲವತ್ತೆಂಟು ಗಂಟೆ ಮೊದಲೇ ಬರೆದು ತಿಳಿಸಬೇಕು,
ವಾರಕ್ಕೆ ಎರಡೇ ಸಲ, ಸಲಕ್ಕೆ ಒಂದೇ ತಾಸು,
ಪ್ರತಿ ಸಲಕ್ಕೂ ಬಾಡಿಗೆಗಿದ್ದವರಿಗೆ ಅರ್ಧ ದಿನದ ಬಾಡಿಗೆ
ಇಲ್ಲವೆ ಮೂವತ್ತು ಡಾಲರ್, ಯಾವುದು ಹೆಚ್ಚೋ ಅದು.
ನೋಡಿಸಿಕೊಂಡದ್ದಕ್ಕೆ!
ನಗು ಬಂತು. ಪಕ್ಕದವ ತಿರುಗಿ ನೋಡಿದ.
ಅದು ಪುಕ್ಕಟೆ.

ಪತ್ರ ಬರೆಯಬೇಕಲ್ಲ. ನನಗೆ ಕಲಿಸಿದ್ದು ಒಂದೇ ಪತ್ರ,
ಐದನೇ ಕ್ಲಾಸಿನ ರಜಾ ಅರ್ಜಿ:
ಜ್ವರ ಬಂದಿರುವುದರಿಂದ ದಯಮಾಡಿ, ಇಂತಿ ತಮ್ಮ ವಿಧೇಯ.
ಅದನ್ನೇ ಬೆನ್ನು ಬಾಗಿಸಿ ಇಂಗ್ಲಿಷಿನಲ್ಲಿ ಬರೆದೆ.
ವೃದ್ಧಾಶ್ರಮದ ಹದಿನಾಲ್ಕನೇ ಕೋಣೆಯಲ್ಲಿ, ರಾತ್ರಿ ಮೂರಕ್ಕೆ,
ನಿದ್ದೆ ಬಾರದ ಮಿಸೆಸ್ ಹ್ಯಾಲೊರನ್ ಕೈಗೆ ಕೊಟ್ಟೆ.
ಒಂದು ಕಾಲಕ್ಕೆ ಹಡಗುಕಟ್ಟೆ ಕೂಲಿಗಳ ಸಂಘದಲ್ಲಿ ಟೈಪಿಸ್ಟ್ ಆಗಿದ್ದಾಕೆ.
ನಡುಗುವ ಬೆರಳಲ್ಲಿ ಪೆನ್ಸಿಲ್ ಹಿಡಿದು
ನಾಲ್ಕು "ದಯವಿಟ್ಟು"ಗಳಲ್ಲಿ ಮೂರನ್ನು ಹೊಡೆದಳು.
"ಒಂದಿರಲಿ, ನೀನು ಸಭ್ಯಳು ಅಂತ ತಿಳಿಯಲಿ."
"ಕ್ಷಮಿಸಿ" ಅನ್ನುವಲ್ಲಿಗೆ ಬಂದಾಗ
ಕನ್ನಡಕ ತೆಗೆದು ನನ್ನನ್ನೇ ನೋಡಿದಳು.
ಅದನ್ನು ನಾನೇ ಅಳಿಸಿದೆ.
ಕೊನೆಗೆ ವಿಧೇಯಳೂ ಹೋಗಿ, ಬರೀ ಚಂಪಕಾ ಕೊಡೇಕಲ್.
ಆಮೇಲೆ ಅವಳ ಡಯಪರ್ ಬದಲಿಸಿದೆ;
ಆಗಲೂ ಇಬ್ಬರೂ ಪತ್ರದ ಮಾತೇ ಆಡುತ್ತಿದ್ದೆವು.

ಏಜೆಂಟ್ ಬ್ರೋಡಿಯ ನಗುವ ಮುಖ ನಿಂತಿತು.
ಎಂಟು ಸಲ ಬಂದರು, ಎಂಟು ಗೀಟು ಎಳೆದೆ
ಅಕ್ಕಿ ಡಬ್ಬಿಯ ಮುಚ್ಚಳದ ಮೇಲೆ.
ಹೊಸ ಫೋಟೋದಲ್ಲಿ ನನ್ನ ದೇವರ ಜಗುಲಿ, ಅವ್ವನ ಮುಖ
ಬರಕೂಡದು ಅಂತ ಬರೆದೆ. ಬರಲಿಲ್ಲ.

ಹರಾಜು ಮನೆ ಮುಂದಿನ ಕಾಲುದಾರಿಯಲ್ಲೇ ನಡೆಯಿತು.
ಒಂದು ಸಾರಿ, ಎರಡು ಸಾರಿ,
ಮೂರನೆಯದಕ್ಕೆ ನಾನು ಹಲ್ಲುಜ್ಜುತ್ತಿದ್ದೆ.
ಕೊಂಡವನು ಕಲ್ಲಂಗಡಿಯವನೇ.
ಬಾಗಿಲು ತಟ್ಟಿ, ಹೊಸ್ತಿಲಾಚೆಯೇ ನಿಂತು
"ಆಗಸ್ಟ್ ತನಕ ಇರ್ತೀರಂತೆ" ಅಂದ.
"ಹೌದು" ಅಂದೆ. ಒಳಗೆ ಕರೆಯಲಿಲ್ಲ.

ಗುರುವಾರ ಖಾತೆಗೆ ಇನ್ನೂರ ನಲವತ್ತು ಬಂತು.
ಅಕ್ಕಿ, ಬೇಳೆ,
ಮಿಸೆಸ್ ಹ್ಯಾಲೊರನ್‌ಗೆ ಒಂದು ಡಬ್ಬಿ ಶುಂಠಿ ಬಿಸ್ಕತ್ತು.
ಮಿಕ್ಕದ್ದನ್ನು ಎಣಿಸುತ್ತ ಎಣಿಸುತ್ತ ಸುಮ್ಮನೆ
ಆ ಏಳನ್ನೂ ಮೂವತ್ತರಿಂದ ಗುಣಿಸಿದೆ:
ಇನ್ನೂರ ಹತ್ತು. ಬಾಕಿ. ವಿಳಾಸ ಗೊತ್ತಿಲ್ಲ.

ಆಗಸ್ಟ್ ಕಳೆದ ಮೇಲೆ ಎಲ್ಲಿ ಅಂತ ಕೇಳಬೇಡಿ.
ಬೆಳಗಿನ ಒಂಬತ್ತಾಯಿತು,
ನನಗೀಗ ರಾತ್ರಿ.