ನಿಯಮದ ಬೆಲೆ

ಓಪೆಲ್ ಅಸ್ಟ್ರಾ ಸಿಕ್ಕಿದ್ದು ಕೆರ್ತುವಿನ ಕೊಟ್ಟಿಗೆಯ ಹಿಂದೆ,
ಹಿಮದಡಿ ಒಂದು ಉಬ್ಬಾಗಿ.
ಸಲಿಕೆಗೆ ಮೊದಲು ತಾಗಿದ್ದು ಏರಿಯಲ್ಲು,
ಆಮೇಲೆ ಕಿಟಕಿ ರಬ್ಬರಿನ ಗುಂಟ ಬೆಳೆದ ಪಾಚಿ.
ಅಷ್ಟು ಹಸಿರು ಆ ಫೆಬ್ರುವರಿ ಕುಹ್ಮೋದಲ್ಲಿ
ಇನ್ನೆಲ್ಲೂ ಇರಲಿಲ್ಲ.

ನಲವತ್ತೇಳಾಯಿತು, ಇದನ್ನೇನು ಮಾಡುತ್ತೀ? ಅಂದಳು ಕೆರ್ತು.
ಓಡಿಸುತ್ತೇನೆ.
ಹಾಲಿನ ಟ್ಯಾಂಕರು ದಿನಾ ಓಡಿಸುತ್ತೀಯಲ್ಲ?
ಟ್ಯಾಂಕರಿನ ಮಾತೇ ಬೇರೆ. ಅದರಲ್ಲಿ
ಹದಿನೆಂಟು ಸಾವಿರ ಲೀಟರು ತಿರುವು ತಿರುವಿಗೂ
ಬೆನ್ನ ಹಿಂದೆ ನಿಂತು ಬುದ್ಧಿ ಹೇಳುತ್ತದೆ.

ಕಾರು ಕಟ್ಟಲು ಹೊರಟವಳು
ಆರು ವಾರ ಬರೀ ಕಿತ್ತೆ.
ಸೀಟು, ಕಾರ್ಪೆಟ್ಟು, ಹೀಟರಿನ ಕೊಳವೆ, ಹಿಂದಿನ ಗಾಜು,
ನೆಲಕ್ಕೆ ಡಾಂಬರಿನಂತೆ ಕಚ್ಚಿದ್ದ ಸದ್ದಡಗಿಸುವ ಹಾಳೆ,
ಅದನ್ನು ಉಳಿಯಲ್ಲಿ ಎಬ್ಬಿಸಿ ಎಬ್ಬಿಸಿ
ಹೆಬ್ಬೆರಳ ಉಗುರೊಂದು ಕಪ್ಪಾಗಿ ಹೋಯಿತು.
ಸೀಟಿನಡಿ ಯಾರದೋ ಸಂಸಾರ:
ಈಗ ಯಾವ ಅಂಗಡಿಯೂ ಮುಟ್ಟದ ಒಂದು ಮಾರ್ಕ ನಾಣ್ಯ,
ಎಡಗೈಯ ಪುಟ್ಟ ಉಣ್ಣೆಗವಸು,
ಇಲಿಯ ಗೂಡು, ಅದರೊಳಗೆ
ಯಾರದೋ ವಿಮಾ ಪತ್ರದ ಚೂರು ಚೂರು.

ಪಂಜರಕ್ಕೆ ಕೊಳವೆ ಬಗ್ಗಿಸಿಕೊಟ್ಟವನು ತೌನೊ,
ದೋಣಿಯ ಲಂಗರು, ಚರ್ಚಿನ ಮೆಟ್ಟಿಲ ಕಂಬಿ
ಎಲ್ಲ ಬಗ್ಗಿಸಿದ ಕೈ.
ಬೆಸುಗೆ ಮಾತ್ರ ನೀನೇ ಹಾಕು ಅಂದ,
ಮಗುಚಿದರೆ ಒಳಗಿರುವವಳು ನೀನು.
ಮೊದಲನೆಯದು ಕೋಳಿ ಕೆದರಿದ ಹಾಗೆ ಬಂತು.
ಅವನು ಏನೂ ಅನ್ನಲಿಲ್ಲ. ಗ್ರೈಂಡರು ಕೈಗಿತ್ತ.
ಎರಡನೆಯದಕ್ಕೂ ಗ್ರೈಂಡರು.
ಒಂಬತ್ತನೆಯದನ್ನು ಬಗ್ಗಿ ನೋಡಿ
ಹೋಗಿ ಕಾಫಿ ಸುರಿದುಕೊಂಡ.
ನಮ್ಮ ಕಡೆ ಚಪ್ಪಾಳೆಯೆಂದರೆ ಇಷ್ಟೇ.

ಜೂನಿನಲ್ಲಿ, ಜಲ್ಲಿ ತೆಗೆದು ಬಿಟ್ಟ ಹೊಂಡದಲ್ಲಿ ಓಟ.
ತಪಾಸಣೆಯ ಹೆಂಗಸು ಪುಟ್ಟ ಸುತ್ತಿಗೆಯಿಂದ
ಬೆಸುಗೆ ಬೆಸುಗೆಯನ್ನೂ ತಟ್ಟಿ ಕಿವಿಗೊಟ್ಟಳು
ಕಲ್ಲಂಗಡಿ ಕೊಳ್ಳುವವಳ ಹಾಗೆ.
ಒಂದು ಕಡೆ ಮಾತ್ರ ಎರಡು ಸಲ ತಟ್ಟಿದಳು.
ನನ್ನ ಜೀವವೆಲ್ಲ ಹೋಗಿ ಆ ಮೂಲೆಯಲ್ಲಿ ಕೂತಿತು.

ದೀಪ ಹಸಿರಾದದ್ದು ನೆನಪಿದೆ.
ಉಳಿದದ್ದು ತುಂಡು ತುಂಡು: ಮುಂದಿನವನ ಚಕ್ರ ಎರಚಿದ ಮಣ್ಣು,
ಹೆಲ್ಮೆಟ್ಟಿನೊಳಗೆ ನನ್ನದೇ ಉಸಿರು, ಯಾರೋ ಅಪರಿಚಿತಳಂತೆ,
ಎಡಕ್ಕೆ ಹೋಗಲು ಒಮ್ಮೆ ಬಲಕ್ಕೆ ಬೀಸಿದ್ದು,
ಬಾಲ ಕಳಚಿಕೊಂಡು ಕಾರು ಕರುವಾದದ್ದು,
ಬೆನ್ನ ಹಿಂದೆ ಬುದ್ಧಿ ಹೇಳುವ ಹಾಲು
ಇಲ್ಲವೇ ಇಲ್ಲದ್ದು.
ಆರರಲ್ಲಿ ಐದನೆಯವಳಾದೆ.
ಆರನೆಯವನ ಟೈರು ಮೊದಲ ಸುತ್ತಿಗೇ ಕಳಚಿತ್ತು.

ಇನ್ನು ನಿಯಮ.
ಓಟ ಮುಗಿದ ಮೇಲೆ ನಿಗದಿಯಾದ ಬೆಲೆಗೆ
ಯಾರು ಯಾರ ಕಾರನ್ನಾದರೂ ಕೇಳಬಹುದು.
ಕೊಡೆನೆಂದರೆ ಲೈಸೆನ್ಸು ಹೋಯಿತು.
ದುಡ್ಡು ಸುರಿದು ಯಾರೂ ಗೆಲ್ಲಬಾರದೆಂದು ಮಾಡಿದ್ದು,
ಒಳ್ಳೆಯದೇ. ಐದನೆಯ ಕಾರಿಗೆ ಯಾರು ಬರುತ್ತಾರೆ
ಎಂದು ನಾನು ಸಾಸೇಜು ತಿನ್ನುತ್ತಿದ್ದೆ.

ಕಾಫಿ ಡಬ್ಬಿಯಲ್ಲಿ ಮೂರು ಚೀಟಿ.
ಗೆದ್ದದ್ದು ಯಾಲ್ಮರಿ ಎಂಬ ಹುಡುಗ, ಹದಿನೇಳು, ಅಗಲ ಕಿವಿ,
ಕಳೆದ ಬೇಸಗೆ ಕಾಡಿನ ಹಣ್ಣು ಆಯ್ದ ದುಡ್ಡು
ಬ್ರೆಡ್ಡಿನ ಚೀಲದಲ್ಲಿ.
ಪಂಜರದ ಬೆಸುಗೆ ಯಾರದು? ಕೇಳಿದ.
ನನ್ನದು.
ಅದಕ್ಕೇ ಚೀಟಿ ಹಾಕಿದೆ ಅಂದ.

ಎರಡನೇ ಗೇರಿಗೆ ಸ್ವಲ್ಪ ಮುನಿಸು, ಗದರಬೇಡ ಅಂದೆ.
ಚಳಿಗೆ ಎರಡು ನಿಮಿಷ ಕಾಯಿಸು ಅಂದೆ.
ಹೆಣ್ಣು ಒಪ್ಪಿಸುವವರ ಹಾಗೆ ಇನ್ನೂ ಏನೇನೋ ಅಂದೆ.
ಹುಡುಗ ತಲೆಯಾಡಿಸಿದ, ಒಂದನ್ನೂ ಕೇಳಲಿಲ್ಲ.
ಪಂಜರದ ಅಡ್ಡಕೊಳವೆಗೆ ಆ ಉಣ್ಣೆಗವಸು ಕಟ್ಟಿದ್ದೆ.
ಬಿಚ್ಚಲು ಕೈ ಚಾಚಿದೆ,
ಗಂಟು ನೋಡಿಕೊಂಡು ಬಿಟ್ಟೆ.

ರಾತ್ರಿ ಹನ್ನೊಂದು, ಸೂರ್ಯನಿಗಿನ್ನೂ ನಿದ್ದೆಯಿಲ್ಲ.
ಖಾಲಿ ಟ್ರೇಲರು ಗುಂಡಿಗೊಮ್ಮೆ ಹಾರಿ ಬೀಳುತ್ತಿತ್ತು.
ಮರದ ಮಿಲ್ಲಿನ ಹಿಂದೆ ಒಂದು ಕೊರೊಲ್ಲಾ ಇದೆ
ಅಂದ ತೌನೊ.
ತುಕ್ಕು?
ಇದೆ.
ಆಮೇಲೆ ನಲವತ್ತು ಕಿಲೋಮೀಟರು
ಇಬ್ಬರೂ ಮಾತಾಡಲಿಲ್ಲ.